ಅರ್ಘವಿಚಾರ: ಮೈಸೂರು ನಾಡಿನ ಬೆಲೆಗಳೂ ವ್ಯಾಪಾರದ ಏರಿಳಿತಗಳೂ

ಯುಗಾದಿಯ ಪಂಚಾಂಗಶ್ರವಣದಲ್ಲಿ ಮೇಘಾಧಿಪತಿ, ಸಸ್ಯಾಧಿಪತಿಗಳೊಡನೆ ಅರ್ಘಾಧಿಪತಿಯ ಫಲವನ್ನೂ ಓದುವುದು ರೂಢಿ. ಅರ್ಘವೆಂದರೆ ಬೆಲೆ, ಮಹಾರ್ಘವೆಂದರೆ ತುಟ್ಟಿ, ಸಮರ್ಘವೆಂದರೆ ಅಗ್ಗ. ಮಳೆ, ಬೆಳೆ, ಬೆಲೆ ಈ ಮೂರನ್ನೂ ಒಟ್ಟಿಗೆ ಎಣಿಸಿದ ಪೂರ್ವಿಕರ ಕ್ರಮವು ಅರ್ಥಶಾಸ್ತ್ರದ ಒಂದು ಪ್ರಶ್ನೆಗೆ ದಾರಿ ತೋರುವಂತಿದೆ. ವ್ಯಾಪಾರವು ವೃದ್ಧಿಹೊಂದಿದಾಗ ಬೆಲೆಗಳು ಏರುವುವು, ಕುಗ್ಗಿದಾಗ ಇಳಿಯುವುವು ಎಂಬ ಮತವು ಪಾಶ್ಚಾತ್ಯ ಕೈಗಾರಿಕಾದೇಶಗಳ ಅನುಭವದಿಂದ ಬೆಳೆದುದು. ಕೃಷಿಪ್ರಧಾನವಾದ ನಾಡಿಗೆ ಅದು ಎಷ್ಟರಮಟ್ಟಿಗೆ ಸಲ್ಲುವುದೆಂಬುದೇ ಇಲ್ಲಿ ವಿಚಾರಣೀಯವಾದ ವಿಷಯ.

ಮೊದಲು 1876ರಿಂದ 1878ರವರೆಗಿನ ಮಹಾಕ್ಷಾಮವನ್ನು ನೋಡೋಣ. ಮಳೆ ತಪ್ಪಿ, ರಾಗಿಯ ಬೆಲೆ ಬಡವರ ಕೈಗೆ ಎಟುಕದಂತಾಯಿತು. ಇದ್ದ ಹಣವೆಲ್ಲ ಧಾನ್ಯಕ್ಕೇ ಸಂದುದರಿಂದ ಬಟ್ಟೆಯನ್ನು ಕೊಳ್ಳುವವರಿಲ್ಲವಾದರು. ನೇಕಾರನ ಮಗ್ಗ ನಿಂತಿತು, ಕೂಲಿಯವನಿಗೆ ಕೆಲಸ ತಪ್ಪಿತು. ವ್ಯಾಪಾರ ಕುಸಿದ ಕಾಲದಲ್ಲಿಯೇ ಬೆಲೆ ಏರಿತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷ 55 ಸಾವಿರವಿದ್ದ ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ ಸುಮಾರು 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. ಭಿಕ್ಷೆಯೂ ದೊರೆಯದ ಕಾಲವೇ ದುರ್ಭಿಕ್ಷವೆಂಬ ನಿರ್ವಚನವು ಅಕ್ಷರಶಃ ನಿಜವಾಯಿತು.

ಚಿಕ್ಕಬಾಣಾವರದ ಮೂಲಕ ಹಾಯುವ ಬೆಂಗಳೂರು-ತುಮಕೂರು ರೈಲುಮಾರ್ಗವು 1884ರಲ್ಲಿ ತೆರೆಯಿತು. ಇಂತಹ ಮಾರ್ಗಗಳಿಂದ ದೂರದ ಧಾನ್ಯವು ಬೇಗ ಬರುವಂತಾಯಿತು. ಅದರೊಡನೆ ದೂರದ ಪೇಟೆಗಳ ಏರಿಳಿತವೂ ಬಂದಿತು. 1929ರ ತರುವಾಯ ಲೋಕದಲ್ಲೆಲ್ಲ ವ್ಯಾಪಾರವು ಕುಗ್ಗಲು, ಇಲ್ಲಿಯ ಫಸಲಿನ ಬೆಲೆಗಳೂ ಬಿದ್ದುವು. ಆಗ ಪಾಶ್ಚಾತ್ಯ ಮತವೇ ಸಂದಿತು. ಆದರೆ ಆ ಅಗ್ಗವು ರೈತನಿಗೆ ಸುಭಿಕ್ಷವಾಗಲಿಲ್ಲ. ಕಂದಾಯವೂ ಸಾಲವೂ ಹಣದ ಲೆಕ್ಕದಲ್ಲಿದ್ದುದರಿಂದ ಅವನ್ನು ತೀರಿಸಲು ಅವನು ಮೊದಲಿಗಿಂತ ಹೆಚ್ಚು ಧಾನ್ಯವನ್ನು ಮಾರಬೇಕಾಯಿತು.

ಇಂದು ಚಿಕ್ಕಬಾಣಾವರದ ನೆರೆಯಲ್ಲಿಯೇ ಪೀಣ್ಯದ ಕಾರ್ಖಾನೆಗಳಿವೆ. ಆದರೂ ಕ್ಷಾಮಕಾಲದ ಆ ವೈಪರೀತ್ಯವು ಪೂರ್ತಿಯಾಗಿ ತಪ್ಪಿಲ್ಲ. ಕೊರೋನಾ ವ್ಯಾಧಿಯು ಹಬ್ಬಿದ 2020-21ರಲ್ಲಿ ಭಾರತದ ಒಟ್ಟು ಉತ್ಪನ್ನವು ಸುಮಾರು ಶೇಕಡಾ 6ರಷ್ಟು ಕುಗ್ಗಿತು; ಚಿಲ್ಲರೆ ಬೆಲೆಗಳು ಹೆಚ್ಚುಕಡಿಮೆ ಅಷ್ಟೇ ಏರಿದುವು. ಕೆಲಸ ನಿಂತುದರ ಜೊತೆಗೆ ಸರಕಿನ ಸಾಗಣೆಯೂ ಕೆಟ್ಟುದು ಇದಕ್ಕೆ ಒಂದು ಮುಖ್ಯ ಕಾರಣ.

ಆದುದರಿಂದ ಬೆಲೆಯೊಂದರಿಂದಲೇ ಕಾಲದ ಒಳಿತು ಕೆಡುಕುಗಳನ್ನು ನಿರ್ಣಯಿಸಲಾಗದು. ಬೇಡಿಕೆ ಹೆಚ್ಚಿ ಏರಿದ ಬೆಲೆಯನ್ನು ಬಡ್ಡಿಯ ದರವನ್ನೇರಿಸಿ ತಗ್ಗಿಸಬಹುದು. ಮಳೆ ತಪ್ಪಿ ಏರಿದ ಬೆಲೆಗೆ ಆ ಮದ್ದು ಸಾಲದು. ಕಣಜದಲ್ಲಿ ಧಾನ್ಯ, ಅದನ್ನು ಒಯ್ಯುವ ದಾರಿ, ಬಡವನ ಕೈಯಲ್ಲಿ ಕೂಲಿ ಈ ಮೂರೂ ಬೇಕು.