ಹಿತ್ತಾಳೆಯ ತೋಟಾ ಮತ್ತು ಮಳೆಗಾಲದ ಬಿರುಕು



ಹಿತ್ತಾಳೆಯ ಚೆಂಬನ್ನು ಹುಣಿಸೆಹಣ್ಣಿನಿಂದ ಬೆಳಗುವ ಕೆಲಸ ನಮ್ಮ ಮನೆಗಳಿಗೆ ಹೊಸದಲ್ಲ. ಆದರೆ ಅದೇ ಹಿತ್ತಾಳೆಯು ಬಂದೂಕಿನ ತೋಟಾದ ರೂಪವನ್ನು ತಾಳಿದಾಗ, ಅದನ್ನು ಕೆಡಿಸತಕ್ಕದ್ದು ಯಾವುದು, ಕಾಪಾಡತಕ್ಕದ್ದು ಯಾವುದು ಎಂಬುದನ್ನು ಅರಿಯಲು ಸೈನಿಕರಿಗೂ ಲೋಹಶಾಸ್ತ್ರಜ್ಞರಿಗೂ ಅರ್ಧ ಶತಮಾನಕ್ಕೂ ಮಿಗಿಲಾದ ಕಾಲ ಹಿಡಿಯಿತು.

ಗುಂಡು, ಮದ್ದು, ಕೇಪು ಈ ಮೂರನ್ನೂ ಒಂದೇ ಲೋಹದ ಕೋಶದಲ್ಲಿ ಅಡಕಮಾಡಿದ ತೋಟಾ 19ನೆಯ ಶತಮಾನದ ಉತ್ತರಾರ್ಧದಲ್ಲಿ ಎಲ್ಲೆಡೆ ಬಳಕೆಗೆ ಬಂದಿತು. ಗುಂಡು ಹಾರಿಹೋಗುವುದು, ಮದ್ದು ಉರಿದುಹೋಗುವುದು. ಬೆಲೆಯುಳ್ಳ ಕೋಶ ಮಾತ್ರ ಕೈಯಲ್ಲಿ ಉಳಿಯುವುದು. ಅದನ್ನು ಮತ್ತೆ ತುಂಬಬಾರದೇಕೆ? 1866ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಬಾಕ್ಸರ್ ಎಂಬಾತನೂ ಅಮೆರಿಕದ ಹೈರಮ್ ಬರ್ಡನ್ ಎಂಬಾತನೂ ಒಂದೊಂದು ಬಗೆಯ ಕೇಪನ್ನು ಬಳಕೆಗೆ ತಂದರು. ಬಾಕ್ಸರನ ಕ್ರಮದಲ್ಲಿ ಕಿಡಿ ಹಾಯುವ ರಂಧ್ರವು ನಡುವೆ ಒಂದೇ ಇರುವುದರಿಂದ, ಸುಟ್ಟ ಕೇಪನ್ನು ಒಳಗಿನಿಂದ ಕಡ್ಡಿಯಲ್ಲಿ ತಳ್ಳಿ ತೆಗೆಯಬಹುದು. ವಿಚಿತ್ರವೆಂದರೆ, ಇಂಗ್ಲಿಷಿನವನ ಕೇಪು ಅಮೆರಿಕದಲ್ಲಿಯೂ ಅಮೆರಿಕದವನದು ಯೂರೋಪಿನಲ್ಲಿಯೂ ನೆಲೆಯೂರಿದುವು! 1870ರ ದಶಕದಲ್ಲಿ ಅಮೆರಿಕದ ಬಯಲುಸೀಮೆಯ ಬೈಸನ್ ಬೇಟೆಗಾರರು ಹಗಲು ಹಾರಿಸಿದ ಕೋಶಗಳನ್ನು ತಮ್ಮ ಬಿಡಾರಗಳಲ್ಲಿಯೇ ಮತ್ತೆ ತುಂಬಿಕೊಳ್ಳುತ್ತಿದ್ದರು.

ಕರಿಮದ್ದು ಉರಿದಾಗ ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವು ಲವಣವೂ ಮಸಿಯೂ ಆಗಿ ಉಳಿಯುತ್ತದೆ. ಈ ಮಸಿಯು ಗಾಳಿಯ ತೇವವನ್ನು ಹೀರಿ ಹಿತ್ತಾಳೆಯನ್ನು ಕೊರೆಯುವುದು. ತಡಮಾಡದೆ ಸಾಬೂನಿನ ಬಿಸಿನೀರಿನಲ್ಲಿ ತೊಳೆದು ಒಣಗಿಸಿದರೆ ತೊಂದರೆಯಿಲ್ಲ.

ಹೊಗೆಯಿಲ್ಲದ ಮದ್ದು 1880ರ ದಶಕದಲ್ಲಿ ಬಂದ ಮೇಲೆ ಮಸಿ ಕಡಮೆಯಾಯಿತು. ಕಷ್ಟವು ಮಾತ್ರ ಹೆಚ್ಚಿತು. ಆ ಕಾಲದ ಕೇಪುಗಳಲ್ಲಿ ಪಾದರಸದ ಸ್ಫೋಟಕ ಲವಣವಿರುತ್ತಿದ್ದಿತು. ಕರಿಮದ್ದಿನ ಮಸಿಯು ಈ ಪಾದರಸದ ಬಹುಭಾಗವನ್ನು ತನ್ನೊಡನೆ ಹೊತ್ತೊಯ್ಯುತ್ತಿದ್ದಿತು. ಮಸಿಯಿಲ್ಲವಾದ ಬಳಿಕ ಪಾದರಸವು ನೇರವಾಗಿ ಹಿತ್ತಾಳೆಯಲ್ಲಿ ಬೆರೆತು ಅದನ್ನು ಪೆಡಸಾಗಿಸಿತು. ಇಂತಹ ಕೋಶವನ್ನು ಎಷ್ಟು ಉಜ್ಜಿದರೇನು? ಹೊರಗೆ ಚಿನ್ನದಂತೆ ಹೊಳೆಯುವುದು. ಮತ್ತೆ ತುಂಬಿ ಹಾರಿಸಿದರೆ ಸೀಳುವುದು. ಬುಡದಲ್ಲಿ ಸೀಳಿದರಂತೂ ಬಿಸಿಯಾದ ಅನಿಲವು ಹಾರಿಸಿದವನ ಮುಖಕ್ಕೇ ನುಗ್ಗೀತು. 19ನೆಯ ಶತಮಾನ ಮುಗಿಯುವ ಹೊತ್ತಿಗೆ ಅಮೆರಿಕದ ಸೇನೆಯು ಪಾದರಸವಿಲ್ಲದ ಕೇಪಿನ ಕಡೆಗೆ ತಿರುಗಿತು.

ಇದಕ್ಕಿಂತಲೂ ಕುತೂಹಲಕರವಾದುದು ನಮ್ಮ ದೇಶದಲ್ಲಿಯೇ ನಡೆದ ಸಂಗತಿ. ಮಳೆಗಾಲದಲ್ಲಿ ದಂಡಯಾತ್ರೆಗಳು ನಿಂತಾಗ ಬ್ರಿಟಿಷ್ ಸೇನೆಯವರು ತೋಟಾಗಳನ್ನು ಕುದುರೆ ಲಾಯಗಳಲ್ಲಿ ಕೂಡಿಡುತ್ತಿದ್ದರಂತೆ. ಮಳೆ ನಿಂತ ಮೇಲೆ ತೆಗೆದು ನೋಡಿದರೆ, ಒಂದು ಗುಂಡನ್ನೂ ಹಾರಿಸದ ತೋಟಾಗಳ ಕುತ್ತಿಗೆಗಳು ಬಿರಿದಿರುತ್ತಿದ್ದುವು. ಋತುವಿಗೆ ಕಟ್ಟುಬಿದ್ದಂತೆ ತೋರಿದ್ದರಿಂದ ಇದಕ್ಕೆ ಋತುಬಿರುಕೆಂದೇ ಹೆಸರಾಯಿತು. ಮಳೆಯೇ ಅಪರಾಧಿಯೆಂದು ಜನ ಎಣಿಸಿದ್ದರೆ ಆಶ್ಚರ್ಯವಿಲ್ಲ.

1921ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಮೂವರು ವಿಜ್ಞಾನಿಗಳು ನಿಜವಾದ ಕಾರಣವನ್ನು ವಿವರಿಸಿದರು. ನೂರರಲ್ಲಿ ಸುಮಾರು 70 ಪಾಲು ತಾಮ್ರ, 30 ಪಾಲು ಸತುವುಳ್ಳ ಹಿತ್ತಾಳೆಯ ಬಿಲ್ಲೆಯನ್ನು ಅಚ್ಚುಗಳಲ್ಲಿ ಮತ್ತೆ ಮತ್ತೆ ಒತ್ತಿ ಎಳೆದು ಕೋಶವನ್ನು ಮಾಡುತ್ತಾರೆ. ಹೀಗೆ ಎಳೆಸಿಕೊಂಡ ಲೋಹದೊಳಗೆ ಒಂದು ಬಿಗುಪು ಉಳಿದುಬಿಡುತ್ತದೆ. ಕುದುರೆಯ ಮೂತ್ರದಿಂದೆದ್ದ ಅಮೋನಿಯಾ ತೇವದಲ್ಲಿ ಕರಗಿ, ಬಿಗುಪುಳ್ಳ ಆ ಲೋಹದ ಕಣಗಳ ಸಂದುಗಳನ್ನು ಬಿಡಿಸುತ್ತಿದ್ದಿತು. ಲೋಹವು ಮೆದುವಾಗದಷ್ಟು ಮಿತವಾದ ಶಾಖವನ್ನು ಕೊಟ್ಟು ಬಿಗುಪನ್ನು ಸಡಿಲಿಸುವುದೇ ಪರಿಹಾರವೆಂದು ಕಂಡುಬಂದಿತು.

ಶುಚಿಮಾಡುವವರಿಗೆ ಇದರಿಂದ ಒಂದು ಇಕ್ಕಟ್ಟು ಒದಗಿತು. ಹಿತ್ತಾಳೆಯ ಕಿಲುಬನ್ನು ಕ್ಷಣದಲ್ಲಿ ಕರಗಿಸುವ ದ್ರವ ಅಮೋನಿಯಾವೇ. ಅಂಗಡಿಯ ಎಷ್ಟೋ ಪಾಲಿಶುಗಳಲ್ಲಿ ಅದಿರುತ್ತದೆ. ಚೆಂಬಿಗೆ ಅದು ಒಗ್ಗೀತು, ತೋಟಾಕ್ಕೆ ಒಗ್ಗದು. ಕಟುವಾದ ಆಮ್ಲದಲ್ಲಿ ಬಹಳ ಹೊತ್ತು ನೆನೆಯಿಟ್ಟರೆ ಸತುವು ಮೊದಲು ಕರಗಿ, ತಾಮ್ರದ ಕೆಂಪು ಕಲೆಗಳು ಏಳುತ್ತವೆ. ನಿಂಬೆಯ ಆಮ್ಲದಂತಹ ಸೌಮ್ಯವಾದುದನ್ನು ತೆಳುವಾಗಿ ಕಲಸಿ, ಕೆಲವೇ ನಿಮಿಷ ಅದ್ದಿ ತೊಳೆಯುವುದು ಲೇಸು. ನಮ್ಮ ಹುಣಿಸೆಹಣ್ಣಿನ ಗುಣವೂ ಈ ಜಾತಿಯದೇ.

ಈಗ ಬಹುಮಂದಿ ಅಕ್ರೋಟು ಚಿಪ್ಪಿನ ತರಿಯನ್ನೋ ಜೋಳದ ದಿಂಡಿನ ತರಿಯನ್ನೋ ತುಂಬಿದ ಪೀಪಾಯಿಯಲ್ಲಿ ಕೋಶಗಳನ್ನು ಹಾಕಿ ಗಂಟೆಗಟ್ಟಲೆ ಉರುಳಿಸುತ್ತಾರೆ. ಪಾದರಸದ ಬದಲಿಗೆ ಕೇಪಿಗೆ ಬಂದ ಸೀಸವು ಆ ತರಿಯ ಧೂಳಿನಲ್ಲಿ ಸೇರಿಕೊಳ್ಳುವುದರಿಂದ, ಬಲ್ಲವರು ಪೀಪಾಯಿಯನ್ನು ಮನೆಯ ಹೊರಗಿಟ್ಟು, ಕೆಲಸ ಮುಗಿದೊಡನೆ ಕೈ ತೊಳೆದುಕೊಳ್ಳುತ್ತಾರೆ.