ಜೀರ್ಣೋದ್ಧಾರಗೊಂಡ ಜೋಟೋ

ಶಿಥಿಲವಾದ ದೇಗುಲವೊಂದರ ಜೀರ್ಣೋದ್ಧಾರಕ್ಕೆ ತೊಡಗುವ ಸ್ಥಪತಿಗೆ ಕಟ್ಟುವ ವಿದ್ಯೆಯಷ್ಟೇ ಮುಟ್ಟದೆ ಬಿಡುವ ವಿವೇಕವೂ ಬೇಕು. ಬಿದ್ದ ಗೋಡೆಯನ್ನು ಎತ್ತಿ ನಿಲ್ಲಿಸುವ ಉತ್ಸಾಹದಲ್ಲಿ ನಿಂತ ಕಂಬದ ಮೇಲಣ ಉಳಿಗುರುತನ್ನು ಉಜ್ಜಿಹಾಕಿದನಾದರೆ, ಊರಿಗೆ ಗುಡಿಯೊಂದು ದೊರೆತೀತು, ಆ ಗುಡಿ ದೊರೆಯಲಾರದು. ಶಿಲೆಗೆ ಸಲ್ಲುವ ಈ ಮಾತು ಅಂಗೈಯಲ್ಲಿ ಅಡಗುವ ವಿಡಿಯೋ ಗೇಮಿಗೂ ಸಲ್ಲುವುದೆಂಬುದನ್ನು, 1999ರ 'ಪೋಕಿಮಾನ್ ಗೋಲ್ಡ್' ಮತ್ತು 'ಸಿಲ್ವರ್' ಆಟಗಳು ಹತ್ತು ವರ್ಷಗಳ ತರುವಾಯ 'ಹಾರ್ಟ್‌ಗೋಲ್ಡ್' ಮತ್ತು 'ಸೋಲ್‌ಸಿಲ್ವರ್' ಎಂಬ ಹೆಸರಿನಲ್ಲಿ ಪುನರವತರಿಸಿದ ಇತಿಹಾಸದಿಂದ ತಿಳಿಯಬಹುದು.

ಈ ಆಟಗಳ ಮೂಲವನ್ನು ಅರಸುತ್ತ ಹೋದರೆ ಟೋಕಿಯೋ ಮಹಾನಗರದ ಪಶ್ಚಿಮದಂಚಿನ ಮಚಿದಾ ಎಂಬ ಊರನ್ನು ಸೇರುತ್ತೇವೆ. ಅಲ್ಲಿ ಬಾಲ್ಯದಲ್ಲಿ ಕೀಟಗಳನ್ನು ಹಿಡಿದು ಕೂಡಿಡುತ್ತ ಬೆಳೆದು, ಆ ಕೀಟಗಳಿದ್ದ ಹಸುರೆಲ್ಲ ಕಟ್ಟಡಗಳಿಗೆ ಎಡೆಗೊಟ್ಟುದನ್ನು ಕಣ್ಣಾರೆ ಕಂಡ ಸತೋಶಿ ತಾಜಿರಿ, 1983ರಲ್ಲಿ 'ಗೇಮ್ ಫ್ರೀಕ್' ಎಂಬ ಪತ್ರಿಕೆಯನ್ನೂ 1989ರಲ್ಲಿ ಅದೇ ಹೆಸರಿನ ಸಂಸ್ಥೆಯನ್ನೂ ಆರಂಭಿಸಿದರು. ನಿಂಟೆಂಡೊ ಕಂಪನಿಯ ಗೇಮ್ ಬಾಯ್ ಯಂತ್ರಗಳೆರಡನ್ನು ಕೂಡಿಸುವ ಕೇಬಲನ್ನು ನೋಡಿದಾಗ, ಅದರ ಮೂಲಕ ಹುಳುವೊಂದು ಈ ಯಂತ್ರದಿಂದ ಆ ಯಂತ್ರಕ್ಕೆ ಹರಿದುಹೋಗುವ ಚಿತ್ರ ಅವರ ಮನಸ್ಸಿನಲ್ಲಿ ಮೂಡಿತು. ಆ ಚಿತ್ರವೇ 1996ರ ಫೆಬ್ರವರಿ 27ರಂದು ಜಪಾನಿನಲ್ಲಿ ಪ್ರಾಣಿಗಳನ್ನು ಹಿಡಿದು ಕೂಡಿಡುವ 'ರೆಡ್' ಮತ್ತು 'ಗ್ರೀನ್' ಎಂಬ ಅವಳಿ ಆಟಗಳಾಗಿ ಪ್ರಕಟವಾಯಿತು. ಒಂದರಲ್ಲಿ ಸಿಕ್ಕದ ಪ್ರಾಣಿಯನ್ನು ಇನ್ನೊಂದನ್ನು ಆಡುವ ಗೆಳೆಯನಿಂದ ವಿನಿಮಯದಲ್ಲಿ ಪಡೆಯಬೇಕಾದುದರಿಂದ, ಸ್ನೇಹವೇ ಆಟದ ನಿಯಮಗಳಲ್ಲೊಂದಾಯಿತು.

ಎರಡನೆಯ ಜೋಡಿಯಾದ 'ಗೋಲ್ಡ್' ಮತ್ತು 'ಸಿಲ್ವರ್' ಆಟಗಳ ಜನನ ಸುಲಭದ್ದಾಗಿರಲಿಲ್ಲ. 1997ರ ನವೆಂಬರಿನ ಪ್ರದರ್ಶನದಲ್ಲಿ ಅದರ ಕರಡನ್ನು ಜನರಿಗೆ ತೋರಿಸಿದ ಮೇಲೆಯೂ, ಬಹುಭಾಗವನ್ನು ತಿದ್ದಿ ತೀಡಿ ಮಾರುಕಟ್ಟೆಗೆ ತರುವಷ್ಟರಲ್ಲಿ 1999ರ ನವೆಂಬರ್ 21 ಬಂದಿತ್ತು. ಆಗ ಹ್ಯಾಲ್ ಲ್ಯಾಬೊರೇಟರಿಯ ಅಧ್ಯಕ್ಷರಾಗಿದ್ದು ಮುಂದೆ ನಿಂಟೆಂಡೊದ ಅಧ್ಯಕ್ಷಪದವಿಗೇರಿದ ಸತೋರು ಇವಾತಾ, ಚಿತ್ರಗಳನ್ನು ಅಲ್ಪಸ್ಥಳದಲ್ಲಿ ಅಡಕಗೊಳಿಸುವ ಉಪಾಯವನ್ನು ರಚಿಸಿಕೊಟ್ಟು ನೆರವಾದರು. ನೂರು ಹೊಸ ಪ್ರಾಣಿಗಳು ಸೇರಿ ಒಟ್ಟು ಸಂಖ್ಯೆ 251 ಆಯಿತು. ಕಥೆ ನಡೆಯುವ ಜೋಟೋ ನಾಡು ಜಪಾನಿನ ಕನ್ಸಾಯ್ ಪ್ರಾಂತದ ಛಾಯೆ. ಒಂದು ಊರಿನಲ್ಲಿ ಓಸಾಕಾದ ವ್ಯಾಪಾರದ ಸಡಗರ, ಇನ್ನೊಂದರಲ್ಲಿ ಕ್ಯೋಟೋದ ಗಾಂಭೀರ್ಯ, ಮತ್ತೊಂದರಲ್ಲಿ ಬೌದ್ಧ ಗೋಪುರಗಳ ನಡುಗಂಬವನ್ನು ನೆನಪಿಗೆ ತರುವಂತೆ ಮೆಲ್ಲನೆ ಓಲಾಡುವ ಸ್ತಂಭವುಳ್ಳ ಮರದ ಮಂದಿರ.

ಇಷ್ಟೆಲ್ಲಕ್ಕಿಂತ ಹಿರಿದಾದ ನಾವೀನ್ಯವೆಂದರೆ, ಕಾರ್ಟ್ರಿಡ್ಜಿನೊಳಗೆ ಅಡಗಿಸಿಟ್ಟ ಗಡಿಯಾರ. ಆಡುವವನ ಕೋಣೆಯಲ್ಲಿ ಸಂಜೆಯಾದರೆ ಜೋಟೋದಲ್ಲಿಯೂ ಕತ್ತಲು ಕವಿಯುತ್ತಿತ್ತು. ಗೂಬೆಯಂಥ ಪ್ರಾಣಿ ಇರುಳಿನಲ್ಲಿ ಮಾತ್ರ ಸುಳಿಯುತ್ತಿತ್ತು. ಮಂಗಳವಾರ, ಗುರುವಾರ, ಶನಿವಾರಗಳಂದು ಉದ್ಯಾನದಲ್ಲಿ ಇಪ್ಪತ್ತು ನಿಮಿಷಗಳ ಕೀಟ ಹಿಡಿಯುವ ಸ್ಪರ್ಧೆ ಏರ್ಪಡುತ್ತಿತ್ತು. ಮಚಿದಾದ ಬಾಲಕನು ಕಳೆದುಕೊಂಡ ಹಸುರು, ವಾರಕ್ಕೆ ಮೂರು ದಿನ ಅವನಿಗೆ ಮರಳಿ ದೊರೆಯಿತೆನ್ನಬಹುದು. ಆದರೆ ಈ ಸೌಭಾಗ್ಯಕ್ಕೆ ತೆರಬೇಕಾದ ಬೆಲೆಯೊಂದಿತ್ತು. ಹೊತ್ತನ್ನು ಎಣಿಸುವ ಗಡಿಯಾರವೂ, ಆಡಿದವನ ಸಾಧನೆಯನ್ನು ಕಾದಿಡುವ ಸ್ಮೃತಿಯೂ ಒಂದೇ ಬಟನ್ ಸೆಲ್ಲಿನ ಅನ್ನವನ್ನು ಹಂಚಿಕೊಂಡು ಉಣ್ಣುತ್ತಿದ್ದವಾದುದರಿಂದ, ಆ ಸೆಲ್ಲು ಬೇಗ ಬರಿದಾಗಿ, ವರ್ಷಗಳ ಬಳಿಕ ಪೆಟ್ಟಿಗೆಯಿಂದ ಕಾರ್ಟ್ರಿಡ್ಜನ್ನು ಹೊರತೆಗೆದವರಿಗೆ ಹಳೆಯ ಸಂಗಾತಿಗಳಾರೂ ಉಳಿದಿರುತ್ತಿರಲಿಲ್ಲ. ಕಾಲದ ಅರಿವು ಪಡೆದ ಯಂತ್ರಕ್ಕೆ ಮರೆವೂ ಒಟ್ಟಿಗೇ ಬಂದಿತು.

ಶಿಗೆಕಿ ಮೊರಿಮೊಟೊ ಅವರ ನಿರ್ದೇಶನದಲ್ಲಿ ನಿಂಟೆಂಡೊ ಡಿಎಸ್ ಯಂತ್ರಕ್ಕಾಗಿ ರಚಿತವಾಗಿ 2009ರ ಸೆಪ್ಟೆಂಬರ್ 12ರಂದು ಜಪಾನಿನಲ್ಲಿಯೂ, ಮರುವರ್ಷದ ಮಾರ್ಚಿನಲ್ಲಿ ಪಾಶ್ಚಾತ್ಯ ದೇಶಗಳಲ್ಲಿಯೂ ಬಿಡುಗಡೆಯಾದ ಹೊಸ ಆವೃತ್ತಿ ಮೊದಲು ನಿವಾರಿಸಿದ್ದು ಈ ಮರೆವನ್ನೇ. ಗಡಿಯಾರದ ಹೊಣೆ ಯಂತ್ರಕ್ಕೆ ಹೋಯಿತು. ನೆನಪು ಬ್ಯಾಟರಿಯ ಹಂಗಿಲ್ಲದ ಫ್ಲ್ಯಾಶ್ ಮೆಮರಿಗೆ ಬಂದಿತು. ಅನಂತರ ಮೂಲದಲ್ಲಿ ಮೊಟಕಾಗಿದ್ದುದನ್ನು ತುಂಬುವ ಕೆಲಸ. ಹಳೆಯ ಆಟದಲ್ಲಿ ಜೋಟೋದ ಕಥೆಯನ್ನು ಗೆದ್ದು ಮುಗಿಸಿದವನಿಗೆ ಮೊದಲ ಜೋಡಿಯ ಕಾಂಟೋ ನಾಡೂ ತೆರೆದುಕೊಳ್ಳುತ್ತಿತ್ತಷ್ಟೆ. ಆದರೆ ಅಲ್ಲಿನ ವಿರಿಡಿಯನ್ ಕಾಡು ಬಯಲು ದಾರಿಯಾಗಿ ಕುಗ್ಗಿತ್ತು, ಸೆರೂಲಿಯನ್ ಗುಹೆ ಕುಸಿದುಹೋಗಿತ್ತು. ಹೊಸತರಲ್ಲಿ ಕಾಡು ಮತ್ತೆ ಚಿಗುರಿತು, ಗುಹೆ ಮತ್ತೆ ಬಾಯ್ದೆರೆಯಿತು. ತಂಡದ ಮುಂದಾಳಾದ ಪ್ರಾಣಿ ಯಾವುದೇ ಇರಲಿ, ಆಡುವವನ ಹೆಜ್ಜೆಯ ಹಿಂದೆಯೇ ನಡೆದುಬರುವ ಏರ್ಪಾಡು ಇದರ ಪ್ರೀತಿಯ ಸೇರ್ಪಡೆ. ಜೊತೆಗೆ ಕೊಟ್ಟ ಪೋಕಿವಾಕರ್ ಎಂಬ ಹೆಜ್ಜೆಯೆಣಿಸುವ ಪುಟ್ಟ ಸಾಧನವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಜವಾದ ಬೀದಿಯಲ್ಲಿ ನಡೆದರೆ ಅದರೊಳಗಿನ ಪ್ರಾಣಿ ಬಲಿಯುತ್ತಿತ್ತು. ಕುಳಿತಾಡುವ ಹುಡುಗರನ್ನು ಎಬ್ಬಿಸಿ ನಡೆಸಿದ ಪುಣ್ಯವೂ ಇದಕ್ಕುಂಟು.

ಕೊರತೆಗಳಿಲ್ಲವೆಂದಲ್ಲ. ಜಪಾನಿನ ಪ್ರತಿಯಲ್ಲಿ ಉಳಿದ ಸ್ಲಾಟ್ ಯಂತ್ರಗಳು ಹೊರದೇಶದ ಪ್ರತಿಗಳಲ್ಲಿ ಬೇರೊಂದು ಒಗಟಿನಾಟಕ್ಕೆ ಸ್ಥಳ ಬಿಟ್ಟುಕೊಟ್ಟವು. ಎದುರಾಳಿಗಳ ಬಲ ಏರುವ ಗತಿ ಮೂಲದಲ್ಲಿದ್ದಂತೆಯೇ ಮಂದವಾಗಿ ಉಳಿದು, ಕಾಂಟೋ ತಲಪಿದ ಆಟಗಾರನಿಗೆ ತಾಳ್ಮೆಯ ಪರೀಕ್ಷೆಯನ್ನೊಡ್ಡಿತು. ಆದರೆ ಶಿಲ್ಪಿಯ ವಿವೇಕ ಬೆಳಗುವುದು ಬಿಟ್ಟ ಕಡೆಯಲ್ಲಿ. ಇಂಪುಗೊಳಿಸಿದ ಹೊಸ ವಾದ್ಯಮೇಳವನ್ನು ಅಳವಡಿಸಿದ ರಚನಕಾರರು ಹಳೆಯ ಗೇಮ್ ಬಾಯ್ ಯಂತ್ರದ ಕೀರಲು ದನಿಯನ್ನು ಎಸೆಯದೆ, ಆಟದ ಕೊನೆಗಾಲದಲ್ಲಿ ದೊರೆಯುವ ವಸ್ತುವೊಂದರಲ್ಲಿ ಅದನ್ನು ಹಾಗೆಯೇ ಬಚ್ಚಿಟ್ಟರು. ಬೇಕಾದವನು ಗುಂಡಿಯೊತ್ತಿ ಹತ್ತು ವರ್ಷದ ಹಿಂದಿನ ಸ್ವರವನ್ನು ಕೇಳಬಹುದು. ಜ್ವಾಲಾಮುಖಿಯಿಂದ ನಾಶವಾದ ಸಿನ್ನಬಾರ್ ದ್ವೀಪಕ್ಕೆ ಅವರು ಮನೆಗಳನ್ನು ಮರಳಿ ಕಟ್ಟಲಿಲ್ಲ; ಅದು ಕಥೆಯೇ ವಿಧಿಸಿದ ಹಾನಿ, ಕಾರ್ಟ್ರಿಡ್ಜಿನಲ್ಲಿ ಎಡೆ ಸಾಲದೆ ಬಂದ ಹಾನಿಯಲ್ಲ.

ಇದೇ ಈ ಪುನರ್ರಚನೆಯ ಶ್ರೇಷ್ಠತೆಯೆಂದು ನಾನು ತಿಳಿಯುತ್ತೇನೆ: ಬಡತನದಿಂದ ಬಿಟ್ಟುಹೋದುದಾವುದು, ಅರ್ಥವರಿತು ಬಿಟ್ಟುದಾವುದು ಎಂಬ ಭೇದ ಅದಕ್ಕೆ ಗೊತ್ತಿತ್ತು. ಕ್ಯೋಟೋವನ್ನು ಹೋಲುವ ಎಕ್ರುಟೀಕ್ ನಗರದಲ್ಲಿದ್ದ ಎರಡು ಗೋಪುರಗಳಲ್ಲೊಂದು ನೂರೈವತ್ತು ವರ್ಷಗಳ ಹಿಂದೆ ಬೆಂಕಿಗೆ ಆಹುತಿಯಾಯಿತೆಂಬುದು 1999ರ ಆಟದ ಐತಿಹ್ಯ. ಸಾಮಗ್ರಿಗೆ ಕೊರತೆಯಿಲ್ಲದ 2009ರ ಆವೃತ್ತಿಯಲ್ಲಿಯೂ ಆ ಗೋಪುರ ಸುಟ್ಟೇ ನಿಂತಿದೆ.