ಹೆರ್ನ್‌ಹೂಟ್‌ನ ದಿನವಚನಗಳು: ಚೀಟು ಮತ್ತು ನಿರ್ಣಯ

ಸತ್ಯವೇದದ ಒಂದು ವಾಕ್ಯವನ್ನು ಪ್ರಾತಃಕಾಲದಲ್ಲಿ ಓದಿ ಧ್ಯಾನಿಸುವ ರೂಢಿಯು ಕ್ರೈಸ್ತ ಕುಟುಂಬಗಳಲ್ಲಿ ಪ್ರಾಚೀನವಾದುದು. ವರ್ಷದ ಪ್ರತಿದಿನಕ್ಕೂ ಇಂತಿಂಥ ವಾಕ್ಯವೆಂದು ಮುಂಚಿತವಾಗಿಯೇ ಗೊತ್ತುಮಾಡಿ ಅಚ್ಚುಹಾಕಿಸುವ ಸಂಪ್ರದಾಯಗಳಲ್ಲಿ ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಹೆರ್ನ್‌ಹೂಟ್ ಗ್ರಾಮದ್ದು ವಿಶಿಷ್ಟವಾಗಿದೆ. ಅಲ್ಲಿ ವಾಕ್ಯವನ್ನು ಆರಿಸುವುದು ಚೀಟಿನ ಮೂಲಕ. ಹೀಗೆ ಬಂದ ವಾಕ್ಯವು ಓದುವವನ ನಿರ್ಣಯಗಳಲ್ಲಿ ಎಷ್ಟರಮಟ್ಟಿಗೆ ಪ್ರವೇಶಿಸುತ್ತದೆಂಬುದನ್ನು ನಾವು ಇಲ್ಲಿ ವಿಚಾರ ಮಾಡಬೇಕೆಂದಿದ್ದೇವೆ.

ಮೊರೇವಿಯದಿಂದ ಧರ್ಮಕಾರಣವಾಗಿ ಓಡಿಬಂದ ನಿರಾಶ್ರಿತರು 1722ರಲ್ಲಿ ಕೌಂಟ್ ಜಿನ್ಜೆಂಡಾರ್ಫನ ಜಮೀನಿನಲ್ಲಿ ನೆಲೆಯೂರಿ ಈ ಗ್ರಾಮವನ್ನು ಕಟ್ಟಿದರು. 1728ರ ಮೇ 3ರ ಸಂಜೆಯ ಕೂಟದಲ್ಲಿ ಜಿನ್ಜೆಂಡಾರ್ಫನು ಮರುದಿನದ ಉಪಯೋಗಕ್ಕೆಂದು ಸಭೆಗೆ ಒಂದು ನುಡಿಯನ್ನು ಕೊಟ್ಟನು. ಅದು ಸತ್ಯವೇದದ ವಾಕ್ಯವಾಗಿರದೆ ಕೀರ್ತನೆಯೊಂದರ ಸಾಲಾಗಿತ್ತೆಂಬುದು ಕುತೂಹಲಕರ. ಮುಂದೆ ಪ್ರತಿದಿನವೂ ಸಹೋದರರು ಆ ದಿನದ ನುಡಿಯನ್ನು ಗ್ರಾಮದ 32 ಮನೆಗಳಿಗೂ ಒಯ್ದು ಹೇಳಿ, ಆಯಾ ಮನೆಯವರ ಯೋಗಕ್ಷೇಮವನ್ನು ವಿಚಾರಿಸಿ ಬರುತ್ತಿದ್ದರು. ಜರ್ಮನ್ ಭಾಷೆಯಲ್ಲಿ ಇದಕ್ಕಿಟ್ಟ ಹೆಸರು 'ಲೋಸುಂಗ್'. ಕಾವಲಿನ ಸಿಪಾಯಿಗಳು ಪರಸ್ಪರ ಗುರುತಿಗೆ ಬಳಸುವ ಸಂಕೇತಪದವೆಂದು ಅದರ ಅರ್ಥ. 1731ನೆಯ ವರ್ಷಕ್ಕೆ ಇವು ಮೊದಲು ಪುಸ್ತಕರೂಪದಲ್ಲಿ ಅಚ್ಚಾದವು. ಈಗಲೂ ಹಳೆಯ ಒಡಂಬಡಿಕೆಯ ಸುಮಾರು 1,800 ವಾಕ್ಯಗಳ ಸಂಗ್ರಹದಿಂದ ದಿನಕ್ಕೊಂದರಂತೆ ಚೀಟೆತ್ತುತ್ತಾರೆ. ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ವಾಕ್ಯವನ್ನು ಮಾತ್ರ ವಿಚಾರಿಸಿ ಆರಿಸುತ್ತಾರೆ.

ಯೂದನ ಸ್ಥಾನಕ್ಕೆ ಮತ್ತೀಯನನ್ನು ಅಪೊಸ್ತಲರು ಆರಿಸಿದ್ದೂ ಚೀಟಿನಿಂದಲೇ ಆದ್ದರಿಂದ ಈ ಪದ್ಧತಿಗೆ ಶಾಸ್ತ್ರಾಧಾರವುಂಟು. ಆದರೆ ಹೆರ್ನ್‌ಹೂಟ್‌ನವರು ಅದನ್ನು ಬಹುದೂರ ಒಯ್ದರು. ವಿದೇಶಕ್ಕೆ ಯಾರು ಹೋಗತಕ್ಕದ್ದು, ಯಾರು ಯಾರನ್ನು ವರಿಸತಕ್ಕದ್ದು ಎಂಬುದನ್ನೂ ಚೀಟು ಹೇಳುತ್ತಿದ್ದ ಕಾಲವೊಂದಿತ್ತು. ಈ ಬಲಾತ್ಕಾರವನ್ನು ತರುಣರು ಎಷ್ಟು ದಿನ ಸಹಿಸಿಯಾರು? 1818ರ ಸಿನಡ್ ಸಾಮಾನ್ಯ ಸದಸ್ಯರ ವಿವಾಹದ ವಿಷಯದಲ್ಲಿ ಅದನ್ನು ಕೈಬಿಟ್ಟಿತು. ಆ ಶತಮಾನವು ಮುಗಿಯುವುದರೊಳಗೆ ಆಡಳಿತದಿಂದಲೂ ಚೀಟು ಮರೆಯಾಯಿತು. ಉಳಿದುಕೊಂಡದ್ದು ದಿನವಚನ ಒಂದರಲ್ಲಿಯೇ, ಅಂದರೆ ಆಜ್ಞಾಪಿಸುವ ಅಧಿಕಾರವಿಲ್ಲದ ಎಡೆಯಲ್ಲಿ. ಅದರ ದೀರ್ಘಾಯುಷ್ಯಕ್ಕೆ ಇದೇ ಕಾರಣವೆಂದು ನಮ್ಮ ಅಭಿಪ್ರಾಯ.

ಈ ಅಭಿಪ್ರಾಯವನ್ನು ಪರೀಕ್ಷಿಸಲು ಇಪ್ಪತ್ತನೆಯ ಶತಮಾನದ ಒಂದು ನಿದರ್ಶನವನ್ನು ತೆಗೆದುಕೊಳ್ಳಬಹುದು. ಹಿಟ್ಲರನ ವಿರೋಧಿಯಾಗಿದ್ದ ದೇವತಾಶಾಸ್ತ್ರಜ್ಞ ಡೀಟ್ರಿಕ್ ಬಾನ್‌ಹೋಫರನು 1939ರ ಜೂನ್‌ನಲ್ಲಿ ನ್ಯೂಯಾರ್ಕಿಗೆ ಬಂದಿದ್ದನು. ಸುರಕ್ಷಿತವಾಗಿ ಅಲ್ಲಿಯೇ ಉಳಿಯುವ ಅನುಕೂಲವಿತ್ತು, ಉಳಿಯಲಿಲ್ಲ. ಆತನು ದಿನವಚನಗಳ ನಿಯತ ವಾಚಕ. ಚಳಿಗಾಲಕ್ಕೆ ಮೊದಲೇ ಬರಬೇಕೆಂದು ಪೌಲನು ತಿಮೊಥೆಯನಿಗೆ ಬರೆದ ಮಾತು ಜೂನ್ 26ರಂದು ಕಣ್ಣಿಗೆ ಬಿದ್ದುದೇ ಆತನನ್ನು ಜರ್ಮನಿಗೆ ಹಿಂದಿರುಗಿಸಿತೆಂದು ಹೇಳುವುದುಂಟು. ಕಥೆ ಸೊಗಸಾಗಿದೆ, ದಿನಚರಿಯ ತೇದಿಗಳು ಅದಕ್ಕೆ ಒಪ್ಪುವುದಿಲ್ಲ. ಆ ವಾಕ್ಯವನ್ನು ಅಕಸ್ಮಾತ್ತಾಗಿ ಓದಿದೆನೆಂದು ಬಾನ್‌ಹೋಫರನೇ ಬರೆದಿದ್ದಾನೆ. ಅಮೆರಿಕದಲ್ಲಿ ತನಗೆ ಕೊಡಮಾಡಿದ್ದ ಕೆಲಸವನ್ನು ಆತನು ನಿರಾಕರಿಸಿದ್ದು ಜೂನ್ 20ರಂದೇ. ಅಂದಿನ ಬರವಣಿಗೆಯಲ್ಲಿ, ತನ್ನ ನಿರ್ಣಯಗಳ ಹಿಂದಿನ ಪ್ರೇರಣೆಗಳು ತನಗೇ ಎಂದೂ ಪೂರ್ತಿ ಸ್ಪಷ್ಟವಾಗುವುದಿಲ್ಲವೆಂದು ಒಪ್ಪಿಕೊಂಡು, ಆ ದಿನದ ವಚನವು ದೇವರ ತೀರ್ಪನ್ನು ಅತಿ ಕಠೋರವಾಗಿ ನುಡಿಯುತ್ತಿದೆಯೆಂದು ಸೇರಿಸಿದ್ದಾನೆ. ಹಿಂದಿರುಗೆಂದು ಆ ವಚನವು ವಿಧಿಸಿತೆಂದು ಆತನು ಹೇಳಿಲ್ಲ. ಮಾಡಿಯಾಗಿದ್ದ ನಿರ್ಣಯವನ್ನು ಅದರ ಮುಂದೆ ಹಿಡಿದು ತನ್ನನ್ನು ತಾನೇ ಶೋಧಿಸಿಕೊಂಡಿದ್ದಾನೆ. ಧ್ಯಾನಕ್ಕೂ ಶಕುನಕ್ಕೂ ಇರುವ ಅಂತರವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ದಾಖಲೆಗಳು ವಿರಳ.

ಜುಲೈನಲ್ಲಿ ಆತನು ಹಡಗು ಹತ್ತಿದನು. 1943ರಲ್ಲಿ ಬಂಧಿತನಾದನು. 1945ರ ಏಪ್ರಿಲ್ 8ರ ಭಾನುವಾರ, ಬವೇರಿಯದ ಷೋನ್‌ಬರ್ಗ್ ಊರಿನ ಶಾಲೆಯೊಂದರಲ್ಲಿ ಸೆರೆಯಲ್ಲಿದ್ದ ನಾನಾ ದೇಶೀಯರ ಕೋರಿಕೆಯಂತೆ ಒಂದು ಚಿಕ್ಕ ಆರಾಧನೆ ನಡೆಸಿ, ಆ ದಿನದ ವಾಕ್ಯಗಳಾದ ಯೆಶಾಯನ 53ನೆಯ ಅಧ್ಯಾಯದ ಹಾಗೂ ಪೇತ್ರನ ಮೊದಲನೆಯ ಪತ್ರಿಕೆಯ ಮಾತುಗಳನ್ನು ವಿವರಿಸಿದನು. ಅದು ಮುಗಿದೊಡನೆಯೇ ಕಾವಲಿನವರು ಬಂದು ಕರೆದೊಯ್ದರು. ಮರುದಿನ ಫ್ಲಾಸೆನ್‌ಬರ್ಗ್‌ನಲ್ಲಿ ಆತನಿಗೆ ಮರಣದಂಡನೆಯಾಯಿತು.